ಫ್ಯಾನಿಗೆ ಕೂರಿಸಿದ ಅಲಗು

“ಗುರುಗಳೇ, ಬಂಧಗಳು ಕಾಲಿಗೆ ಸುತ್ತಿಕೊಂಡ ಮೇಲೆ ಕೂತು ಬಿಡಿಸುತ್ತ ಬಂದಿದ್ದೇನೆ. ಒಂದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ಸುತ್ತುತ್ತದೆ. ಸುತ್ತುವ ಮೊದಲೇ ತಾನಾಗಿ ಕತ್ತರಿಸಿ ಹಾಕುವಂಥ ಅಲಗು ಮನಸ್ಸಿಗೆ ಇಲ್ಲವೇ?” ಎಂದು ಶಂಭುಲಿಂಗ ಕೇಳಿದ.

ಶಂಭುಲಿಂಗ ಮಠಕ್ಕೆ ಬಂದು ಸೇರಿದ ಹೊಸ ಶಿಷ್ಯ. ಗುರುಗಳೂ ಪೀಠಕ್ಕೆ ಹೊಸಬರೇ. ಹಿರಿಯ ಗುರುಗಳು ಇರುವಷ್ಟು ಕಾಲ ಕತೆ ಕೇಳುವುದಷ್ಟೇ ಇವರ ಪಾಲಿಗೆ ಬಂದಿತ್ತು. ಹೇಳುವುದು ಇದೇ ಮೊದಲು. ಅವರು ಹೊದ್ದಿದ್ದ ಶಾಲನ್ನು ತೆಗೆದು ಮಡಚಿದರು, ಮತ್ತೆ ಹೊದ್ದುಕೊಂಡರು.

“ಇದಕ್ಕೊಂದು ಕತೆ ಇದೆ. ಆದರೆ ನಾನು ಚೆನ್ನಾಗಿ ಹೇಳಲಾರೆ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಿರಿಯರಾಗಿದ್ದರೆ ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ನನಗೆ ಎಲ್ಲವನ್ನೂ ಬಿಡಿಸಿ ಹೇಳದಿದ್ದರೆ ಕೇಳುವವರಿಗೆ ಅರ್ಥವಾಯಿತೋ ಇಲ್ಲವೋ ಎಂಬ ಭಯ. ಸ್ವಲ್ಪ ಸಹಿಸಿಕೋ,” ಎಂದರು. ಆಮೇಲೆ ಹೇಳತೊಡಗಿದರು.

ಕಡಲ ತಡಿಯ ಒಂದು ಊರಿನಲ್ಲಿ ಒಬ್ಬ ತಾಂಡೇಲ ಇದ್ದ. ತಾಂಡೇಲ ಎಂದರೆ ದೋಣಿ ನಡೆಸುವ ಯಜಮಾನ, ಚುಕ್ಕಾಣಿ ಅವನ ಕೈಯಲ್ಲಿರುತ್ತದೆ. ಅವನದು ಸಾಮಾನು ಸಾಗಿಸುವ ಹಾಯಿದೋಣಿ. ಹಾಯಿದೋಣಿಯಾದರೂ ಅದಕ್ಕೊಂದು ಇಂಜಿನ್ ಇತ್ತು. ಹಾಯಿ ಇರುವಾಗ ಇಂಜಿನ್ ಏಕೆ ಎಂದು ನೀನು ಕೇಳಬಹುದು. ಗಾಳಿ ಎಲ್ಲ ಹೊತ್ತಿನಲ್ಲೂ ಬೀಸುವುದಿಲ್ಲ, ಬೀಸಿದರೂ ನಮಗೆ ಬೇಕಾದ ಕಡೆಗೇ ಬೀಸುವುದಿಲ್ಲ. ಆಗ ಇಂಜಿನ್ ಹಚ್ಚಬೇಕು. ಇಂಜಿನ್ ಒಂದು ದಂಡವನ್ನು ತಿರುಗಿಸುತ್ತದೆ. ದಂಡದ ತುದಿಯಲ್ಲಿ, ನೀರಿನ ಒಳಗೆ, ಪ್ರೊಪೆಲ್ಲರ್ ಇರುತ್ತದೆ. ಕಡಲಿನವರು ಅದನ್ನು ಫ್ಯಾನು ಎನ್ನುತ್ತಾರೆ. ಫ್ಯಾನು ತಿರುಗಿದರೆ ದೋಣಿ ಮುಂದಕ್ಕೆ ಹೋಗುತ್ತದೆ.

ಫ್ಯಾನಿಗೆ ಇರುವ ಶತ್ರು ಹಗ್ಗ. ಕಡಲಿನಲ್ಲಿ ಎಲ್ಲೆಲ್ಲೂ ಹಗ್ಗವೇ. ಬಿಟ್ಟ ಬಲೆಯ ಹಗ್ಗ, ಹರಿದು ತೇಲುವ ಬಲೆಯ ಹಗ್ಗ, ಯಾರೋ ಎಸೆದದ್ದು. ಒಂದು ಎಳೆ ಸಿಕ್ಕರೆ ಸಾಕು, ಫ್ಯಾನು ಅದನ್ನು ನೂಲಿನ ಉಂಡೆಯಂತೆ ಸುತ್ತಿಕೊಳ್ಳುತ್ತದೆ. ಇಂಜಿನ್ ಕೆಮ್ಮಿ ನಿಂತುಬಿಡುತ್ತದೆ. ಆಗ ಒಬ್ಬರು ಚೂರಿ ಹಿಡಿದು ನೀರಿಗೆ ಇಳಿಯಬೇಕು. ಈ ದೋಣಿಯಲ್ಲಿ ಇಳಿಯುತ್ತಿದ್ದವನು ತಾಂಡೇಲನೇ.

ಅಷ್ಟರಲ್ಲಿ ಬಲೆಯ ಯಜಮಾನ ಹುಟ್ಟು ಹಾಕಿಕೊಂಡು ಬರುತ್ತಿದ್ದ.

“ಏ ತಾಂಡೇಲ, ಇಡೀ ಕಡಲಿನಲ್ಲಿ ನಿನ್ನ ಫ್ಯಾನಿಗೆ ನನ್ನ ಬಲೆಯೇ ರುಚಿಯಾ?”

“ಹೌದು ಮಾರಾಯ, ಮೀನಿಗೆ ರುಚಿಸದ ಬಲೆ ಫ್ಯಾನಿಗಾದರೂ ರುಚಿಸಲಿ!”

ಹೀಗೆ ಜಗಳ. ಜಗಳ ಮುಗಿದ ಮೇಲೆ ಇಬ್ಬರೂ ಸೇರಿ ಬಿಡಿಸುತ್ತಿದ್ದರು. ಬಲೆಯವನ ಗಂಟು ಬಲೆಯವನಿಗೇ ಗೊತ್ತು, ಆದ್ದರಿಂದ ಅವನಿಲ್ಲದೆ ಆಗುತ್ತಿರಲಿಲ್ಲ. ಆಮೇಲೆ ಒಂದೇ ಬೀಡಿಯನ್ನು ಇಬ್ಬರೂ ಎಳೆದು ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ಈ ಜಗಳವನ್ನು ನಾನು ಬರೀ ತಮಾಷೆಗೆ ಹೇಳಲಿಲ್ಲ. ದೋಣಿ ನಿಲ್ಲುತ್ತಿತ್ತು, ಆದ್ದರಿಂದ ಯಾರ ಹಗ್ಗಕ್ಕೆ ಸಿಕ್ಕಿಕೊಂಡೆ ಎಂಬುದು ತಾಂಡೇಲನಿಗೆ ಗೊತ್ತಾಗುತ್ತಿತ್ತು. ಅಷ್ಟನ್ನು ಹೇಳಬೇಕಾಗಿತ್ತು.

ಒಂದು ಸಲ ಅವನು ನೀರಿನ ಅಡಿಯಲ್ಲಿ ಹಗ್ಗ ಕೊಯ್ಯುತ್ತಿರುವಾಗ ದೊಡ್ಡ ಅಲೆ ಬಂದು ದೋಣಿಯನ್ನು ಎತ್ತಿ ಹಾಕಿತು. ಫ್ಯಾನು ಅರ್ಧ ಸುತ್ತು ತಿರುಗಿತು. ಹಗ್ಗದ ಜೊತೆಗೆ ಅವನ ಕೈಯೂ ಸಿಕ್ಕಿಕೊಂಡಿತು. ಉಸಿರು ಮುಗಿಯುವ ಹೊತ್ತಿಗೆ ಹೇಗೋ ಬಿಡಿಸಿಕೊಂಡು ಮೇಲೆ ಬಂದ. ಬಲಗೈಯ ಬೆರಳುಗಳು ಬಹಳ ದಿನ ಮಡಚಲಿಲ್ಲ. ಹೆಂಡತಿ ಅನ್ನ ಕಲಸಿ ಬಾಯಿಗೆ ಇಡುತ್ತಿದ್ದಳು.

“ಇನ್ನೊಮ್ಮೆ ನೀವು ಫ್ಯಾನಿನ ಬುಡಕ್ಕೆ ಇಳಿದರೆ ನಾನು ಈ ಮನೆಯಲ್ಲಿ ಇರುವುದಿಲ್ಲ,” ಎಂದಳು.

ಅವನು ಪೇಟೆಯ ಬಂದರಿಗೆ ಹೋಗಿ ಒಂದು ಅಲಗು ತಂದ. ದುಂಡಗೆ ತಟ್ಟೆಯ ಹಾಗಿರುವ ಅಲಗು, ಅಂಚು ಕ್ಷೌರದ ಕತ್ತಿಯಷ್ಟು ಹರಿತ. ಅದನ್ನು ಫ್ಯಾನಿನ ಮುಂದೆ ದಂಡಕ್ಕೆ ಬಿಗಿದು ಕೂರಿಸುತ್ತಾರೆ. ದಂಡ ತಿರುಗಿದಾಗ ಅಲಗೂ ತಿರುಗುತ್ತದೆ. ಹಗ್ಗ ಫ್ಯಾನಿಗೆ ಸುತ್ತಿಕೊಳ್ಳಲು ಬಂದರೆ ಮೊದಲು ಅಲಗಿಗೆ ತಾಗುತ್ತದೆ, ತುಂಡಾಗುತ್ತದೆ. ನೀನು ಕೇಳಿದ ಅಲಗು ಇದೇ ಎಂದು ಇಟ್ಟುಕೋ.

ಅಲಗು ಚೆನ್ನಾಗಿ ಕೆಲಸ ಮಾಡಿತು. ದೋಣಿ ಎಲ್ಲಿಯೂ ನಿಲ್ಲಲಿಲ್ಲ. ತಾಂಡೇಲ ನೀರಿಗೆ ಇಳಿಯಲಿಲ್ಲ. ಹಗ್ಗ ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ನೆಮ್ಮದಿಯಿಂದ ನಿದ್ದೆ ಮಾಡಿದಳು.

ಇಲ್ಲಿ ಒಂದು ಮಾತು ಹೇಳಬೇಕು. ತಾಂಡೇಲ ಕೆಟ್ಟವನಲ್ಲ. ಅವನನ್ನು ಕೆಟ್ಟವನೆಂದುಕೊಂಡರೆ ಈ ಕತೆ ಬೇರೆಯೇ ಆಗಿಬಿಡುತ್ತದೆ. ತನ್ನ ಅಲಗು ಬೇರೆಯವರ ಬಲೆಯನ್ನು ಹಾಳು ಮಾಡಬಾರದು ಎಂಬ ಎಚ್ಚರ ಅವನಿಗಿತ್ತು. ಊರ ಹತ್ತಿರ ಬಂದ ಕೂಡಲೇ ಇಂಜಿನ್ ನಿಲ್ಲಿಸುತ್ತಿದ್ದ. ಹಾಯಿ ಏರಿಸಿ ಗಾಳಿಯ ಮೇಲೆ ಒಳಗೆ ಬರುತ್ತಿದ್ದ. ಇಂಜಿನ್ ನಿಂತ ಮೇಲೆ ಅಲಗೂ ನಿಂತ ಹಾಗೆ ಎಂಬುದು ಅವನ ತಿಳಿವಳಿಕೆ. ಊರಿನವರ ತಿಳಿವಳಿಕೆಯೂ ಅದೇ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಲಂಗರು ಹಾಕಿ ನಿಂತ ದೋಣಿಯ ಮೂತಿಯ ಮುಂದೆ ಇಂಜಿನ್ ಹಚ್ಚಿದ ದೋಣಿ ಹಾಯಬಾರದು. ಲಂಗರಿನ ಹಗ್ಗ ಮೂತಿಯಿಂದ ನೀರಿಗೆ ಓರೆಯಾಗಿ ಇಳಿದಿರುತ್ತದೆ, ಫ್ಯಾನಿಗೆ ಸಿಕ್ಕೀತು ಎಂದು. ಹಾಯಿಯ ಮೇಲೆ ಬರುವ ದೋಣಿ ಮಾತ್ರ ಎಷ್ಟು ಹತ್ತಿರವಾದರೂ ಹಾಯಬಹುದು. ಹಾಯಿಯ ಮೇಲೆ ಹೋಗುವ ದೋಣಿ ಹಗ್ಗ ಕಡಿಯುವುದಿಲ್ಲ. ಅಜ್ಜನ ಕಾಲದಿಂದ ಹಾಗೆಯೇ ನಡೆದಿತ್ತು. ಅಜ್ಜನ ಕಾಲದ ಹಾಯಿದೋಣಿಗೆ ಫ್ಯಾನು ಇರಲಿಲ್ಲ ಎಂಬುದನ್ನು ಯಾರೂ ಯೋಚಿಸಿರಲಿಲ್ಲ.

ತಾಂಡೇಲನ ಮಾವ, ಅಂದರೆ ಹೆಂಡತಿಯ ತಂದೆ, ಹಗ್ಗ ಹೊಸೆಯುವವನು. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಸಿ, ಬಡಿದು, ನಾರು ತೆಗೆದು ಹುರಿ ಮಾಡುತ್ತಿದ್ದ. ಅವನಿಗೆ ಒಬ್ಬನೇ ಮಗ. ಮಗ ಆ ವರ್ಷ ಒಂದು ಪಾತಿ ದೋಣಿ ಮಾಡಿಸಿದ. ಒಬ್ಬಿಬ್ಬರು ಕೂತು ಮೀನು ಹಿಡಿಯುವ ಚಿಕ್ಕ ದೋಣಿ ಅದು. ಅದರ ಲಂಗರಿನ ಹಗ್ಗವನ್ನು ತಂದೆಯೇ ಹೊಸೆದ. ಹೊಸ ದೋಣಿಯ ಮೊದಲ ಹಗ್ಗಕ್ಕೆ ತಾಯಿಯ ಸೀರೆಯ ಸೆರಗಿನಿಂದ ಒಂದು ಎಳೆ ಸೇರಿಸುವುದು ಅವರ ಕಡೆಯ ರೂಢಿ. ತಾಯಿ ತೀರಿಹೋಗಿದ್ದಳು. ಪೆಟ್ಟಿಗೆಯಲ್ಲಿದ್ದ ಅವಳ ಹಸಿರು ಸೀರೆಯಿಂದ ಎಳೆ ತೆಗೆದು ನಾರಿನ ನಡುವೆ ಹೊಸೆದರು. ಮಗ ಅವಸರ ಮಾಡುತ್ತಿದ್ದ. ನಾರು ಇನ್ನೂ ಕೊಳೆಯಬೇಕಾಗಿತ್ತು, ಸರಿಯಾಗಿ ಕೊಳೆಯದ ನಾರಿನ ಹಗ್ಗ ಗಟ್ಟಿಯಿರುವುದಿಲ್ಲ. ತಂದೆ ಸ್ವಲ್ಪ ಮೊದಲೇ ತೆಗೆದು ಹುರಿಗೊಳಿಸಿ ಕೊಟ್ಟ.

ಒಂದು ಮಧ್ಯಾಹ್ನ ತಾಂಡೇಲ ಊರಿಗೆ ಮರಳುತ್ತಿದ್ದ. ಅಳಿವೆಯ ಒಳಗೆ, ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿಯ ಈಚೆಗೆ, ಭಾವಮೈದುನನ ಪಾತಿ ದೋಣಿ ಲಂಗರು ಹಾಕಿ ನಿಂತಿತ್ತು. ಅವನು ಬಲೆ ಬಿಟ್ಟು, ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದ. ತಾಂಡೇಲನಿಗೆ ಅವನ ಮೇಲೆ ಬಹಳ ಪ್ರೀತಿ. ಯಾವಾಗಲೂ ಹತ್ತಿರ ಹಾಯ್ದು ಏನಾದರೂ ಎಸೆದು ಹೋಗುತ್ತಿದ್ದ. ಅವತ್ತು ಹುಡುಗನ ನಿದ್ದೆ ಕೆಡಬಾರದೆಂದು ಇಂಜಿನ್ನನ್ನು ಇನ್ನೂ ದೂರದಲ್ಲೇ ನಿಲ್ಲಿಸಿದ. ಹಾಯಿಯ ಮೇಲೆ ಮೆಲ್ಲಗೆ ಪಾತಿಯ ಮೂತಿಯ ಮುಂದೆ ಹಾಯ್ದ. ಪೇಟೆಯಿಂದ ತಂದಿದ್ದ ಪೇರಳೆಹಣ್ಣು ಒಂದನ್ನು ಅವನ ಹೊಟ್ಟೆಯ ಮೇಲೆ ಬೀಳುವ ಹಾಗೆ ಎಸೆದ. ಹುಡುಗ ಏಳಲಿಲ್ಲ, ಮಗ್ಗುಲು ಬದಲಿಸಿದ. ತಾಂಡೇಲ ನಗುತ್ತ ಮನೆಗೆ ಹೋದ.

ಸಂಜೆಗೆ ಪಾತಿ ದೋಣಿ ಮಗುಚಿ ಕಡಲ ದಂಡೆಗೆ ಬಂತು. ಅದರ ಹಿಂದೆ ಹುಡುಗನ ಹೆಣ ಬಂತು. ಇಳಿತದ ನೀರು ದೋಣಿಯನ್ನು ಅಳಿವೆಯ ಹೊರಗೆ ಎಳೆದುಕೊಂಡು ಹೋಗಿತ್ತು. ಅಲ್ಲಿ ಅಲೆ ಒಡೆಯುತ್ತದೆ. ನಿದ್ದೆಯಲ್ಲಿದ್ದವನಿಗೆ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ.

ದೋಣಿಯ ಮೂತಿಯಲ್ಲಿ ಲಂಗರಿನ ಹಗ್ಗದ ತುಂಡು ನೇತಾಡುತ್ತಿತ್ತು. ಬಂಡೆಗೆ ಬಡಿದು ಅದರ ತುದಿ ಪೊರಕೆಯ ಹಾಗೆ ಬಿಚ್ಚಿಕೊಂಡಿತ್ತು. ಹರಿದದ್ದೋ ಕಡಿದದ್ದೋ ಹೇಳುವ ಹಾಗಿರಲಿಲ್ಲ. ನೋಡಿದವರು ಹಗ್ಗ ಹರಿಯಿತು ಎಂದರು. ಹಗ್ಗ ಹೊಸೆದ ಮುದುಕ ತಂದೆ ಆ ತುದಿಯನ್ನು ಹಿಡಿದು ಬಹಳ ಹೊತ್ತು ನೋಡಿದ.

“ನಾರು ಕೊಳೆತಿರಲಿಲ್ಲ,” ಎಂದ. “ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಸೆದೆ.”

ಮತ್ತೆ ಅಳಿಯನ ಕಡೆ ತಿರುಗಿ, “ಇದನ್ನು ನನ್ನ ಕಣ್ಣೆದುರಿನಿಂದ ತೆಗೆದುಕೊಂಡು ಹೋಗು,” ಎಂದ. ತಾಂಡೇಲ ಆ ತುಂಡನ್ನು ಬಿಚ್ಚಿ ತೆಗೆದುಕೊಂಡು ಹೋದ. ಅದನ್ನು ನೀರಿಗೆ ಎಸೆದ.

ಅಂದಿನಿಂದ ಮುದುಕ ಹಗ್ಗ ಹೊಸೆಯಲಿಲ್ಲ. ಜಗಲಿಯಲ್ಲಿ ಎರಡೂ ಕೈಗಳನ್ನು ತೊಡೆಯ ಅಡಿಗೆ ಇಟ್ಟುಕೊಂಡು ಕೂತಿರುತ್ತಿದ್ದ. ಊಟಕ್ಕೆ ಕರೆದರೆ ಕೈ ಹೊರಗೆ ತೆಗೆಯಲು ಹೇಸುತ್ತಿದ್ದ. ಮಗಳು ಬಂದು ಊಟ ಮಾಡಿಸಬೇಕಾಗುತ್ತಿತ್ತು.

ಮಳೆಗಾಲ ಬಂತು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ, ದೋಣಿಗಳನ್ನು ದಂಡೆಗೆ ಎಳೆದು ಇಡುತ್ತಾರೆ. ತಾಂಡೇಲ ತನ್ನ ದೋಣಿಯ ಬುಡಕ್ಕೆ ಕೂತು, ಅಂಟಿದ ಚಿಪ್ಪುಗಳನ್ನು ಕೆರೆದು ತೆಗೆಯುತ್ತಿದ್ದ. ಫ್ಯಾನಿನ ಹತ್ತಿರ ಬಂದಾಗ ಒಂದು ರೆಕ್ಕೆಗೆ ಕೈ ಊರಿದ. ಫ್ಯಾನು ತಿರುಗಿತು. ಅವನು ಕೈ ತೆಗೆದ. ಮತ್ತೆ ಮೆಲ್ಲಗೆ ದೂಡಿದ. ಮತ್ತೆ ತಿರುಗಿತು. ಇಂಜಿನ್ ತಣ್ಣಗೆ ಬಿದ್ದಿತ್ತು. ಗಿಯರ್ ಬಿಟ್ಟಿದ್ದರೆ ಇಂಜಿನ್ನಿಗೂ ದಂಡಕ್ಕೂ ಸಂಬಂಧವಿಲ್ಲ, ದಂಡ ತನ್ನಷ್ಟಕ್ಕೆ ತಿರುಗುತ್ತದೆ. ಕೈಗೆ ತಿರುಗುವುದು ನೀರಿಗೂ ತಿರುಗುತ್ತದೆ. ಹಾಯಿ ದೋಣಿಯನ್ನು ಎಳೆದುಕೊಂಡು ಹೋಗುವಾಗ ಕೆಳಗೆ ನೀರು ಫ್ಯಾನನ್ನು ತಿರುಗಿಸುತ್ತದೆ. ಫ್ಯಾನಿನ ಜೊತೆ ಅಲಗೂ ತಿರುಗುತ್ತದೆ. ಸದ್ದಿಲ್ಲದೆ. ಇಷ್ಟು ಕಾಲವೂ ತಿರುಗುತ್ತಲೇ ಇತ್ತು.

ಅವನು ಅಲಗಿನ ಹಿಂದಿನ ಸಂದಿಗೆ ಬೆರಳು ಹಾಕಿದ. ಅಲ್ಲಿ ಒಂದು ಹಿಡಿ ನಾರು ಒತ್ತಿಕೊಂಡಿತ್ತು. ಎಳೆದು ತೆಗೆದ. ನಾರಿನ ನಡುವೆ ಹಸಿರು ನೂಲು ಇತ್ತು.

ಆಮೇಲೆ ಅವನು ಏನು ಮಾಡಿದ ಎಂಬುದನ್ನು ಬೇಗ ಹೇಳಿಬಿಡಬಾರದು. ಅವನು ಮಳೆಯಲ್ಲಿ ಅಲ್ಲಿಯೇ ಕೂತಿದ್ದ. ನಾರನ್ನು ಒಲೆಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಹೆಂಡತಿ ತನ್ನ ತಮ್ಮನನ್ನು ಕೊಂದವನ ಮನೆಯಲ್ಲಿ ಇರುವುದಿಲ್ಲ. ಹೇಳದಿದ್ದರೆ ಮುದುಕ, ಮಗನನ್ನು ತಾನೇ ಕೊಂದೆ ಎಂದುಕೊಂಡು ಸಾಯುತ್ತಾನೆ. ಎಷ್ಟೋ ದಿನ ನಾರು ಅವನ ಸೊಂಟದಲ್ಲಿತ್ತು. ಅನ್ನ ಇಳಿಯಲಿಲ್ಲ. ಹೆಂಡತಿ ಕೇಳಿದರೆ ಜ್ವರ ಎಂದ. ಕೊನೆಗೆ ಒಂದು ದಿನ ಎದ್ದು, ಹೆಂಡತಿಯನ್ನೂ ಕರೆದುಕೊಂಡು ಮಾವನ ಮನೆಗೆ ಹೋದ. ಇಬ್ಬರ ಎದುರೂ ಒಂದೇ ಸಲ ಹೇಳಿಬಿಡಬೇಕು ಎಂದುಕೊಂಡಿದ್ದ.

ನಾರನ್ನು ಮುದುಕನ ಮುಂದೆ ಇಟ್ಟ.

“ಮಾವ, ನಿಮ್ಮ ಹಗ್ಗ ಹರಿಯಲಿಲ್ಲ. ನಾನು ಕಡಿದೆ. ಇದು ನನ್ನ ಅಲಗಿನ ಹಿಂದೆ ಸಿಕ್ಕಿತು.”

ಮುದುಕ ಒಂದು ಕೈ ಹೊರಗೆ ತೆಗೆದು ನಾರನ್ನು ಮುಟ್ಟಿದ. ಹಸಿರು ಎಳೆಯನ್ನು ಬಿಡಿಸಿ ನೋಡಿದ. ಮೆಲ್ಲಗೆ ತಲೆ ಅಲ್ಲಾಡಿಸಿದ.

“ಅಳಿಯ, ಅವತ್ತು ನೀನು ಹಾಯಿಯ ಮೇಲೆ ಬಂದೆ. ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದವರೆಲ್ಲ ನೋಡಿದ್ದಾರೆ. ಇಂಜಿನ್ ಸದ್ದೇ ಇರಲಿಲ್ಲ ಎಂದು ಅವರೇ ಹೇಳಿದರು.”

“ಇಂಜಿನ್ ಇರಲಿಲ್ಲ ಮಾವ. ಆದರೂ ಫ್ಯಾನು ತಿರುಗುತ್ತದೆ. ಬನ್ನಿ, ಈಗಲೇ ತೋರಿಸುತ್ತೇನೆ. ಬೆರಳಲ್ಲಿ ದೂಡಿದರೆ ಸಾಕು.”

“ತಿರುಗಲಿ. ಗಾಳಿಗೆ ಬಾಗಿಲೂ ತಿರುಗುತ್ತದೆ, ಅದು ಹಗ್ಗ ಕಡಿಯುತ್ತದೆಯಾ?” ಮುದುಕನ ಕಣ್ಣು ತುಂಬಿತು. “ಅವತ್ತು ಹಗ್ಗದ ತುಂಡನ್ನು ನಾನೇ ನಿನ್ನ ಕೈಗೆ ಕೊಟ್ಟು ಕಳಿಸಿದೆ. ಮರೆತೆ ಎಂದುಕೊಂಡೆಯಾ? ಅದರಿಂದ ಒಂದು ಹಿಡಿ ಕಿತ್ತು ಇಟ್ಟುಕೊಂಡಿದ್ದೀಯ. ಈ ಮುದುಕ ಊಟ ಮಾಡಲಿ ಎಂದು ಇಷ್ಟು ದೊಡ್ಡ ಪಾಪವನ್ನು ನಿನ್ನ ತಲೆಯ ಮೇಲೆ ಹಾಕಿಕೊಳ್ಳಲು ಬಂದಿದ್ದೀಯ.”

“ಅದನ್ನು ಅವತ್ತೇ ನೀರಿಗೆ ಎಸೆದೆ ಮಾವ. ಇದು ಬೇರೆ. ದೇವರಾಣೆ.”

“ಆಣೆ ಹಾಕಬೇಡ,” ಎಂದ ಮುದುಕ. “ನನಗೋಸ್ಕರ ಸುಳ್ಳು ಆಣೆ ಹಾಕಿ ನನ್ನ ಮಗಳ ಕುಂಕುಮಕ್ಕೆ ಕೇಡು ತಂದುಕೊಳ್ಳಬೇಡ. ನಾರು ಕೊಳೆತಿರಲಿಲ್ಲ. ಅದು ನನ್ನ ಕೈಗೆ ಗೊತ್ತು.”

ತಾಂಡೇಲ ಹೆಂಡತಿಯ ಮುಖ ನೋಡಿದ. ಅವಳಾದರೂ ತನ್ನನ್ನು ಬೈಯಬಹುದು, ಎದ್ದು ಹೋಗಬಹುದು ಎಂದು ಕಾದ. ಅವಳು ಅಳುತ್ತಿದ್ದಳು. ಹತ್ತಿರ ಬಂದು, ತಂದೆಯ ಎದುರೇ, ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

“ಸಾಕು. ಇನ್ನು ಹೇಳಬೇಡಿ. ಯಾರ ಗಂಡನೂ ಮಾವನಿಗಾಗಿ ಇಷ್ಟು ಮಾಡುವುದಿಲ್ಲ,” ಎಂದಳು.

ಅವನು ಊರಿನವರಿಗೂ ಹೇಳಿದ. ದೋಣಿಯ ಬುಡಕ್ಕೆ ಕರೆದುಕೊಂಡು ಹೋಗಿ ಫ್ಯಾನು ತಿರುಗಿಸಿ ತೋರಿಸಿದ. ಅವರು ನೋಡಿದರು. ಅವನ ಬೆನ್ನು ತಟ್ಟಿದರು. “ಅಳಿಯ ಎಂದರೆ ಹೀಗಿರಬೇಕು,” ಎಂದು ಮನೆಗೆ ಹೋಗಿ ತಮ್ಮ ಅಳಿಯಂದಿರಿಗೆ ಹೇಳಿದರು. ಅವನು ಕೂಗಿ ಹೇಳಿದಷ್ಟೂ ಅವನ ಒಳ್ಳೆಯತನ ದೊಡ್ಡದಾಯಿತು. ಕೊನೆಗೆ ಕೂಗುವುದನ್ನು ಬಿಟ್ಟ. ಅಲಗನ್ನು ಬಿಚ್ಚಿ ನೀರಿಗೆ ಎಸೆದ. ಅವನ ಫ್ಯಾನಿಗೆ ಮತ್ತೆ ಹಗ್ಗ ಸುತ್ತಿಕೊಳ್ಳತೊಡಗಿತು. ಬಲೆಯವರು ಹುಟ್ಟು ಹಾಕಿಕೊಂಡು ಬರುತ್ತಿದ್ದರು. ಆದರೆ ಈಗ ಯಾರೂ ಬೈಯುತ್ತಿರಲಿಲ್ಲ. “ನೀವು ಮೇಲೆಯೇ ಕೂತಿರಿ ತಾಂಡೇಲರೇ, ನಾವು ಬಿಡಿಸುತ್ತೇವೆ,” ಎನ್ನುತ್ತಿದ್ದರು. ಅವನು ತಲೆ ತಗ್ಗಿಸಿ ಕೂತಿರುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿ ಶಂಭುಲಿಂಗನ ಮುಖ ನೋಡಿದರು. ಅರ್ಥವಾಯಿತೋ ಇಲ್ಲವೋ ಎಂದು ಅವರಿಗೆ ತಿಳಿಯಲಿಲ್ಲ.

“ಆದರೆ ಗುರುಗಳೇ,” ಎಂದ ಶಂಭುಲಿಂಗ, “ಅವನು ಸತ್ಯ ಹೇಳಿದನಲ್ಲ. ಹೇಳಿದ ಮೇಲೆ ಅವನ ಭಾರ ಇಳಿಯಿತಲ್ಲವೇ? ನಂಬದೆ ಹೋದದ್ದು ಅವರ ತಪ್ಪು.”

“ಹಾಗಲ್ಲ. ನಾನು ಸರಿಯಾಗಿ ಹೇಳಲಿಲ್ಲ, ಅದಕ್ಕೇ ನಿನಗೆ ಹಾಗೆ ತೋರಿತು. ಭಾರ ಇಳಿಯುವುದು ಎಂದರೆ ಏನು ಎಂಬುದನ್ನು ಮೊದಲು ನೋಡಬೇಕು. ಬಿಗಿದ ಹಗ್ಗಕ್ಕೆ ಎರಡು ತುದಿ ಇರುತ್ತದೆ. ಒಂದು ನಮ್ಮ ಕಡೆ, ಇನ್ನೊಂದು ಯಾರ ಕಡೆಯೋ. ಬಿಡಿಸುವಾಗ ಎರಡೂ ತುದಿಯವರು ಬೇಕು. ಅಲಗು ಏನು ಮಾಡುತ್ತದೆ ಎಂದರೆ, ಆ ಇನ್ನೊಂದು ತುದಿಯಲ್ಲಿ ಇರುವವರು ನಮಗೆ—”

“ಸ್ವಾಮೇರೇ!” ಹೊಳೆಯ ಕಡೆಯಿಂದ ಅಂಬಿಗ ಜಟ್ಟಿಯ ಕೂಗು ಬಂತು. “ಇಳಿತ ಶುರುವಾಯ್ತು! ಈಗ ಹೊರಡದಿದ್ರೆ ದೋಣಿ ಕೆಸರಿಗೆ ಕೂತ್ಕೊಳ್ತದೆ! ಆಚೆ ದಡದಲ್ಲಿ ತೊಟ್ಟಿಲು ಕಟ್ಟಿ ಕಾಯ್ತಾ ಇದ್ದಾರೆ!”

ಆಚೆ ದಡದ ಮನೆಯಲ್ಲಿ ಮಗುವಿಗೆ ಹೆಸರಿಡುವುದಿತ್ತು. ಗುರುಗಳು ಗಡಬಡಿಸಿ ಎದ್ದರು. ಮೆಟ್ಟಿಲ ತನಕ ಹೋದರು. ಹೇಳುತ್ತಿದ್ದ ಮಾತನ್ನು ಮುಗಿಸಬೇಕೆಂದು ತಿರುಗಿ ನಿಂತರು. ಆ ಮಾತು ಸಿಗಲಿಲ್ಲ.

“ಸಾಯುವ ಹೊತ್ತಿಗೆ ಆ ಮುದುಕ ಅಳಿಯನ ಕೈ ಹಿಡಿದುಕೊಂಡು, ನಿನ್ನ ಭಾವಮೈದುನನನ್ನು ನಾನೇ ಕೊಂದೆ, ನನ್ನನ್ನು ಕ್ಷಮಿಸು ಎಂದು ಕೇಳಿದ,” ಎಂದರು.